ಸಂಬಳಾಭಾವ ಮೀಮಾಂಸೆ: ಡೆಸ್ ಪ್ಲೇನ್ಸ್ ಶಾಖೆಯ ಪಾಠ

ಕಣಾದರ ಕಾಲಕ್ಕೆ ಆರೇ ಇದ್ದ ಪದಾರ್ಥಗಳಿಗೆ ಮುಂದಿನ ವೈಶೇಷಿಕರು ಏಳನೆಯದಾಗಿ ಅಭಾವವನ್ನು ಸೇರಿಸಿದರು. ಅಭಾವ ತಡವಾಗಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ವಿಷಯದ ಸ್ವಭಾವವೇ ಅದು. ನೆಲದ ಮೇಲೆ ಗಡಿಗೆ ಇಲ್ಲ ಎಂದಾಗ, ಆ ‘ಇಲ್ಲ’ ಎಂಬುದೂ ಅಲ್ಲಿ ಇದೆ, ಗಡಿಗೆಯಷ್ಟೇ ಗಟ್ಟಿಯಾಗಿ ಇದೆ ಎಂಬುದು ಅವರ ಹಟ. ಪ್ರಾಭಾಕರ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಅಲ್ಲಿರುವುದು ಬರಿಯ ನೆಲ, ಅದರಾಚೆಗೆ ಇನ್ನೊಂದು ಪದಾರ್ಥವನ್ನು ಹುಟ್ಟಿಸಬೇಡಿ ಎಂದರು. ಈ ವ್ಯಾಜ್ಯ ತಾಳೆಗರಿಗಳಲ್ಲೇ ಮುಗಿದುಹೋಯಿತೆಂದು ವಿದ್ವಾಂಸರು ನಂಬಿದ್ದಾರೆ. ಮುಗಿದಿಲ್ಲ. ಶಿಕಾಗೊದ ಓಹೇರ್ ವಿಮಾನ ನಿಲ್ದಾಣದ ಮಗ್ಗುಲಿಗಿರುವ ಡೆಸ್ ಪ್ಲೇನ್ಸ್‌ನಂಥ ಊರುಗಳಲ್ಲಿ, ಗೋದಾಮು, ಹೋಟೆಲು, ಎರಡು ಕೋಣೆಯ ಸಾಫ್ಟ್‌ವೇರ್ ಕನ್ಸಲ್ಟೆನ್ಸಿ ಎಂಬ ಭೇದವಿಲ್ಲದೆ, ಪಗಾರದ ದಿನ ಬಂದಾಗಲೆಲ್ಲ ಅದು ಹೊಸದಾಗಿ ಶುರುವಾಗಬಹುದು. ಸಂಬಳ ಬಿದ್ದಿಲ್ಲ ಎಂದು ನೌಕರ ಹೇಳಿದೊಡನೆ ಧಣಿ ಅಪ್ಪಟ ಪ್ರಾಭಾಕರನಾಗುತ್ತಾನೆ: ‘ಖಾತೆ ಇದೆ ತಾನೆ? ನೆಕ್ಸ್ಟ್ ವೀಕ್ ಪಕ್ಕಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಬಾರದ ಸಂಬಳವೂ ಒಂದು ಪದಾರ್ಥ, ಅದಕ್ಕೆ ಅಳತೆಯಿದೆ, ವಾರಸುದಾರನಿದ್ದಾನೆ, ಬೆಲೆಯೂ ಇದೆ ಎಂದು ಸಾಧಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಮೊದಲ ಪ್ರಮಾಣ ಶಬ್ದ, ಅಂದರೆ ಶಾಸನ. ಇಲಿನಾಯ್ ರಾಜ್ಯದ ವೇತನ ಪಾವತಿ ಮತ್ತು ವಸೂಲಿ ಕಾಯ್ದೆಯನ್ನು ಬರೆದವರು ತರ್ಕಸಂಗ್ರಹ ಓದಿದ್ದರೆಂದು ಹೇಳಲು ಆಧಾರವಿಲ್ಲ, ಆದರೂ ಅದು ಶುದ್ಧ ವೈಶೇಷಿಕ ಗ್ರಂಥ. ಹದಿನೈದು ದಿನಕ್ಕೊಮ್ಮೆ ಸಂಬಳ ಕೊಡುವವನು ಆ ಅವಧಿ ಮುಗಿದ 13 ದಿನಗಳೊಳಗೆ ಕೊಡಬೇಕು. ವಾರದ ಸಂಬಳವಾದರೆ 7 ದಿನ. ವೃತ್ತಿಪರರಿಗೆ, ಆಡಳಿತದ ಹುದ್ದೆಯವರಿಗೆ ತಿಂಗಳಿಗೊಮ್ಮೆ ಕೊಡಬಹುದು, ಅವರಿಗೆ 21 ದಿನದ ಗಡುವು. ಗಡುವು ದಾಟಿದ ಮೇಲೆ ಬಾಕಿ ಮೊತ್ತದ ಮೇಲೆ ತಿಂಗಳಿಗೆ ಶೇ 5ರಷ್ಟು ಪರಿಹಾರ ಸೇರುತ್ತಾ ಹೋಗುತ್ತದೆ. 2021ರ ಜುಲೈವರೆಗೆ ಇದು ಶೇ 2 ಇತ್ತು. ಮೂರು ಸಾವಿರ ಡಾಲರ್ ಬಾಕಿ ಉಳಿದರೆ ತಿಂಗಳಿಗೆ 150 ಡಾಲರ್. ಪ್ರಾಭಾಕರರಿಗೆ ನಮ್ಮ ಪ್ರಶ್ನೆ ಇಷ್ಟೆ: ಇಲ್ಲದ ವಸ್ತು ತಿಂಗಳು ತಿಂಗಳು ಮರಿ ಹಾಕುವುದು ಹೇಗೆ? ಮರಿ ಹಾಕುತ್ತದೆ ಎಂದ ಮೇಲೆ ಅದು ಇದೆ ಎಂದೇ ಅರ್ಥ. ಇನ್ನೊಂದು ಮಾತೂ ಇದರಿಂದ ಹೊರಡುತ್ತದೆ. ಸಂಬಳ ತಡಮಾಡುವ ಧಣಿ ತನ್ನನ್ನು ಅನ್ನದಾತನೆಂದು ತಿಳಿದಿದ್ದರೂ, ಶಾಸ್ತ್ರರೀತ್ಯಾ ಅವನು ಸಾಲಗಾರ. ಸಾಲಮಾಡಿಯಾದರೂ ತುಪ್ಪ ಕುಡಿ ಎಂಬ ಚಾರ್ವಾಕ ಮತವನ್ನು ಅವನು ಹಿಡಿದಿದ್ದಾನೆ, ಅದೂ ಸಾಲ ಕೊಟ್ಟವನಿಗೆ ತಾನು ಸಾಹುಕಾರನೆಂಬ ಅರಿವೇ ಇಲ್ಲದ ಹಾಗೆ. ಬಾಡಿಗೆ ಕಟ್ಟಲು ಕ್ರೆಡಿಟ್ ಕಾರ್ಡ್ ಉಜ್ಜುತ್ತಿರುವ ನೌಕರ ವಾಸ್ತವವಾಗಿ ಒಂದು ಕಂಪನಿಗೆ ಬಡ್ಡಿ ಕೇಳದೆ ಬಂಡವಾಳ ಹೂಡಿದ ಮಹನೀಯ.

ಎರಡನೆಯ ಪ್ರಮಾಣದ, ಅಂದರೆ ಲೆಕ್ಕದ ದಾಖಲೆಯ, ಬಗ್ಗೆ ಕೊಂಚ ನಿಧಾನಿಸಬೇಕು, ಏಕೆಂದರೆ ಜಗಳ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ನ್ಯಾಯಶಾಸ್ತ್ರದಲ್ಲಿ ಪ್ರತಿಯೊಂದು ಅಭಾವಕ್ಕೂ ಒಂದು ಪ್ರತಿಯೋಗಿ ಇರಬೇಕು. ಯಾವುದು ಇಲ್ಲವೋ ಅದೇ ಪ್ರತಿಯೋಗಿ. ಗಡಿಗೆ ಎಂದರೇನೆಂದು ಗೊತ್ತಿಲ್ಲದವನಿಗೆ ಗಡಿಗೆಯ ಅಭಾವವೂ ಗೊತ್ತಾಗದು. ಅದರಂತೆ, ಬರಬೇಕಾದ ಸಂಬಳ ಎಷ್ಟು, ಯಾವ ದಿನಕ್ಕೆ, ಎಷ್ಟು ಗಂಟೆಯ ದುಡಿಮೆಗೆ ಎಂಬುದನ್ನು ಬರೆದಿಟ್ಟುಕೊಳ್ಳದವನು ಅದರ ಅಭಾವವನ್ನು ಸಿದ್ಧಪಡಿಸಲಾರ. ‘ಸರಿಯಾಗಿ ಕೊಡ್ತಿಲ್ಲ’ ಎಂಬುದು ಸಂಕಟವಾದೀತು, ಜ್ಞಾನವಾಗದು. ಆದರೆ ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿದ್ದು, ಆ ಪುಸ್ತಕವೇ ಸುಳ್ಳಾಗಿದ್ದರೆ? ಇಲ್ಲಿ ನಮ್ಮ ಪ್ರಾಚೀನರು ಕೈಚೆಲ್ಲಿದ ಸಮಸ್ಯೆಯನ್ನು ಬಗೆಹರಿಸಿದ್ದು ಡೆಟ್ರಾಯ್ಟ್‌ನ ಉತ್ತರಕ್ಕಿರುವ ಮೌಂಟ್ ಕ್ಲೆಮೆನ್ಸ್ ಎಂಬ ಊರು. ವಿಧಿಯ ಚಮತ್ಕಾರವೆಂದರೆ ಅದನ್ನು ಬಗೆಹರಿಸಿದ್ದು ಒಂದು ಗಡಿಗೆ ಕಾರ್ಖಾನೆ: ಮೌಂಟ್ ಕ್ಲೆಮೆನ್ಸ್ ಪಾಟರಿ ಕಂಪನಿ. ನ್ಯಾಯಶಾಸ್ತ್ರದ ಗಡಿಗೆ ಭೂಮಂಡಲವನ್ನು ಅರ್ಧ ಸುತ್ತಿ ಮಿಶಿಗನ್ ಸೇರಿತ್ತು. ಅಲ್ಲಿ ಸುಮಾರು 1,200 ಜನ ದುಡಿಯುತ್ತಿದ್ದರು. ಪಾಳಿಗೆ ಮುಂಚಿನ 14 ನಿಮಿಷಗಳಲ್ಲಿ ಎಲ್ಲರೂ ಕಾರ್ಡ್ ಪಂಚ್ ಮಾಡಿ, ನಡೆದು, ಏಪ್ರನ್ ಕಟ್ಟಿ, ಯಂತ್ರ ಸಜ್ಜುಮಾಡಬೇಕು. ಸಂಬಳದ ಗಡಿಯಾರ ಮಾತ್ರ ಮುಂದಿನ ಕಾಲುಗಂಟೆಯಿಂದ ಓಡುತ್ತಿತ್ತು, ಸಂಜೆ ಹಿಂದಿನ ಕಾಲುಗಂಟೆಗೆ ನಿಲ್ಲುತ್ತಿತ್ತು. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಫ್ರಾಂಕ್ ಮರ್ಫಿ ಸ್ವತಃ ಡೆಟ್ರಾಯ್ಟ್‌ನ ಮೇಯರ್, ಮಿಶಿಗನ್ನಿನ ಗವರ್ನರ್ ಆಗಿದ್ದವರು. ಧಣಿ ಸರಿಯಾದ ದಾಖಲೆ ಇಡದಿದ್ದರೆ, ಕೆಲಸಗಾರ ನ್ಯಾಯಸಮ್ಮತವಾಗಿ ಊಹಿಸಬಹುದಾದಷ್ಟು ಪುರಾವೆ ತಂದರೆ ಸಾಕು. ಆಮೇಲೆ ಅದನ್ನು ಸುಳ್ಳೆಂದು ತೋರಿಸುವ ಹೊಣೆ ಧಣಿಯದು ಎಂದು ಅವರು ವಿಧಿಸಿದರು. ಬೀಜವೃಕ್ಷ ನ್ಯಾಯ, ಕಾಕತಾಲೀಯ ನ್ಯಾಯಗಳ ಪಟ್ಟಿಗೆ ಇದನ್ನು ಮೌಂಟ್ ಕ್ಲೆಮೆನ್ಸ್ ನ್ಯಾಯವೆಂದು ಸೇರಿಸಲು ಈ ಪ್ರಬಂಧಕಾರ ಸೂಚಿಸುತ್ತಾನೆ. ಪ್ರಾಮಾಣಿಕತೆಗಾಗಿ ಹೇಳಬೇಕಾದ್ದು: ಮೊಕದ್ದಮೆ ಕೆಳಗಿನ ಕೋರ್ಟಿಗೆ ಮರಳಿದಾಗ, ನಡೆದಾಟದ ಆ ನಿಮಿಷಗಳು ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದು 1947ರಲ್ಲಿ ವಜಾ ಆಯಿತು. ಅದೇ ವರ್ಷ ಕಾಂಗ್ರೆಸ್ಸು ಇನ್ನೊಂದು ಕಾಯ್ದೆ ತಂದು ಅಂಥ ನಡಿಗೆಯನ್ನು ದುಡಿಮೆಯ ವ್ಯಾಖ್ಯೆಯಿಂದಲೇ ಹೊರದಬ್ಬಿತು. ಗಡಿಗೆ ಮಾಡಿದವರಿಗೆ ಕಾಸು ಸಿಗಲಿಲ್ಲ, ಮಿಕ್ಕವರಿಗೆಲ್ಲ ನ್ಯಾಯ ಉಳಿಯಿತು. ಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬಂದ ಹೊತ್ತು, ಹೋದ ಹೊತ್ತು ಗೀಚಿಟ್ಟುಕೊಳ್ಳುವ ಹೋಟೆಲ್ ಕೆಲಸಗಾರನ ಪೆನ್ಸಿಲ್ ಗೀಟಿಗೆ ಇಂದಿಗೂ ಪ್ರಮಾಣದ ಪಟ್ಟ ಇರುವುದು ಆ ಗಡಿಗೆಯವರಿಂದ. 2025ರ ಜನವರಿಯಿಂದ ಇಲಿನಾಯ್‌ನಲ್ಲಿ ಧಣಿಯಾದವನು ಪೇ ಸ್ಟಬ್‌ಗಳ, ಅಂದರೆ ಸಂಬಳದ ಚೀಟಿಗಳ, ಪ್ರತಿಯನ್ನು ಮೂರು ವರ್ಷ ಕಾಪಾಡಿ, ಕೇಳಿದಾಗ ಕೊಡಬೇಕು. ಪ್ರತಿಯೋಗಿಯ ಸಂರಕ್ಷಣೆಗೆ ಶಾಸನದ ಬೆಂಬಲವೂ ಈಗ ಸಿಕ್ಕಂತಾಯಿತು.

ಅಭಾವ ನಾಲ್ಕು ಬಗೆ ಎಂಬುದು ಸರ್ವವಿದಿತ. ಹುಟ್ಟುವ ಮುಂಚಿನ ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವಿದೆ. ತಡವಾದ ಸಂಬಳ ಈ ಜಾತಿಯದೆಂದು ಧಣಿ ಸಾಧಿಸುತ್ತಾನೆ. ಅಂತ್ಯ ಯಾವಾಗ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಇದ್ದದ್ದು ಒಡೆದು ಹೋದಾಗ ಪ್ರಧ್ವಂಸಾಭಾವ. ಇದರ ಮಹಾಪೀಠ ಶಿಕಾಗೊದ ದಕ್ಷಿಣದ ಪುಲ್‌ಮನ್ ಬಡಾವಣೆ. ಅಲ್ಲಿ ರೈಲುಡಬ್ಬಿ ಕಟ್ಟುತ್ತಿದ್ದ ಪುಲ್‌ಮನ್ ಕಂಪನಿ 1893ರ ಮುಗ್ಗಟ್ಟಿನಲ್ಲಿ ಕೂಲಿ ಇಳಿಸಿತು, ಆದರೆ ತಾನೇ ಕಟ್ಟಿಸಿ ಕೊಟ್ಟ ಮನೆಗಳ ಬಾಡಿಗೆ ಇಳಿಸಲಿಲ್ಲ. ಬಾಡಿಗೆ ಕಳೆದು ಎರಡು ಸೆಂಟಿನ ಚೆಕ್ ಪಡೆದವನೊಬ್ಬ ಅದನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದನೆಂದು ಅಲ್ಲಿಯ ಪಾದ್ರಿ ಕಾರ್ವರ್ಡೀನ್ 1894ರ ಮುಷ್ಕರದ ಕುರಿತ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಅಭಾವಕ್ಕೆ ಚೌಕಟ್ಟು ಹಾಕಿಸಿದ ಆ ಅನಾಮಿಕನನ್ನು ಈ ಶಾಖೆಯ ಮೂಲಪುರುಷನೆಂದು ಪರಿಗಣಿಸಬೇಕು. ಇಂದಿನ ಇಲಿನಾಯ್ ಕಾಯ್ದೆಯಲ್ಲಿ ಕಡಿತಕ್ಕೆ ಕಾನೂನಿನ ಬಲವಿರಬೇಕು, ನೌಕರನ ಹಿತವಿರಬೇಕು, ಇಲ್ಲವೇ ಕಡಿತದ ಹೊತ್ತಿನಲ್ಲೇ ಆತ ಸ್ವಇಚ್ಛೆಯಿಂದ ಬರೆದುಕೊಟ್ಟ ಒಪ್ಪಿಗೆಯಿರಬೇಕು. ಸೇರುವ ದಿನ ಕಾಗದದ ಕಟ್ಟಿನಲ್ಲಿ ಹಾಕಿಸಿಕೊಂಡ ಸಹಿಯಿಂದ ವರ್ಷಗಟ್ಟಲೆ ಕತ್ತರಿ ಆಡಿಸುವಂತಿಲ್ಲ. ಮೂರನೆಯದು ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ. ಹಣ ಬಂದಿದೆ, ಆದರೆ ಅದು ಆ ಸಂಬಳವಲ್ಲ. ಇದರ ಭಾಷ್ಯ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕೆಲಸಗಾರರ ಸಿಟ್ಟಿಗೆ ಗಾಜುಗಳು ಒಡೆದವು. ಕೆಲವು ಕೆಲಸಗಾರರಿಗೆ ಸಂಬಳ ಸರಿಯಾಗಿ ಅಥವಾ ಸಕಾಲಕ್ಕೆ ಸಂದಾಯವಾಗಿಲ್ಲವೆಂದು ಕಂಪನಿಯೇ ಒಪ್ಪಿ, ಕ್ಷಮೆ ಕೇಳಿ, ಭಾರತದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಅಕ್ಟೋಬರ್, ನವೆಂಬರ್ ಸಂಬಳ ತಡವಾದದ್ದಕ್ಕೆ ಕೆಲಸದ ವೇಳೆಯ ಲೆಕ್ಕ ಸರಿಯಾಗಿ ಇಡದಿದ್ದುದೇ ಕಾರಣವೆಂದು ಆ್ಯಪಲ್ ಹೇಳಿತು. ಗಾಜು ಒಡೆಯುವುದನ್ನು ಯಾವ ದರ್ಶನವೂ ಪ್ರಮಾಣವೆಂದು ಒಪ್ಪಿಲ್ಲ, ಸರಿ. ಆದರೆ ಎರಡು ತಿಂಗಳ ಪ್ರಶ್ನೆಗೆ ಸಿಗದ ಉತ್ತರ ಗಾಜು ಒಡೆದ ಮೇಲೆ ಒಂದೇ ವಾರದಲ್ಲಿ ಸಿಕ್ಕಿತೆಂಬುದು ಪ್ರಮಾಣಶಾಸ್ತ್ರಕ್ಕೆ ಅವಮಾನವೇ ಸರಿ. ಕೊನೆಯದು ಮೊಲದ ಕೊಂಬಿನಂಥ ಅತ್ಯಂತಾಭಾವ, ಅಂದರೆ ಪ್ರಾಜೆಕ್ಟ್‌ಗಳ ನಡುವೆ ಬೆಂಚಿನಲ್ಲಿ ಕೂತವನ ಸಂಬಳ. ಪ್ರಾಜೆಕ್ಟ್ ಇಲ್ಲ, ಆದ್ದರಿಂದ ಸಂಬಳ ಮೂರು ಕಾಲದಲ್ಲೂ ಇಲ್ಲ ಎಂಬ ಈ ವಾದವನ್ನು 1998ರಲ್ಲೇ ಅಮೆರಿಕದ ಕಾಂಗ್ರೆಸ್ಸು ಎಚ್-1ಬಿ ವೀಸಾದ ನೌಕರರ ಮಟ್ಟಿಗೆ ಖಂಡಿಸಿದೆ: ಕೆಲಸ ಹುಡುಕಿಕೊಡಬೇಕಾದವನು ಧಣಿ, ಕೆಲಸವಿಲ್ಲದ ದಿನಗಳ ಸಂಬಳವನ್ನೂ ಅವನೇ ಕೊಡಬೇಕು.

ಪೂರ್ವಪಕ್ಷಗಳು, ಅಂದರೆ ಎದುರಾಳಿಯ ವಾದಗಳು, ಹಲವು. ‘ಪೇರೋಲ್ ಸಾಫ್ಟ್‌ವೇರ್ ತಪ್ಪು’ ಎಂಬುದನ್ನು ಮೊದಲು ವಿಲೇವಾರಿ ಮಾಡೋಣ. ಡೆಸ್ ಪ್ಲೇನ್ಸ್‌ನ ಲೀ ಸ್ಟ್ರೀಟ್‌ನಲ್ಲಿ ರೇ ಕ್ರಾಕ್ 1955ರ ಏಪ್ರಿಲ್ 15ರಂದು ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಮೊದಲ ದಿನದ ವ್ಯಾಪಾರ 366 ಡಾಲರ್ 12 ಸೆಂಟ್. ಆ 12 ಸೆಂಟನ್ನು ಇತಿಹಾಸ ಏಳು ದಶಕ ನೆನಪಿಟ್ಟಿದೆ. ಅಂಗಡಿಗಳಲ್ಲಿ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬಂದದ್ದರ ಲೆಕ್ಕ ಸೆಂಟಿನವರೆಗೆ ಸಿಕ್ಕಿತು. ಕೊಡಬೇಕಾದ್ದರ ಲೆಕ್ಕ ಮಾತ್ರ ಸಾಫ್ಟ್‌ವೇರಿಗೂ ಸಿಗುತ್ತಿಲ್ಲ. ತಪ್ಪು ಆಕಸ್ಮಿಕವಾಗಿದ್ದರೆ ಒಮ್ಮೆ ಹೆಚ್ಚಿಗೆ, ಒಮ್ಮೆ ಕಡಿಮೆ ಬೀಳಬೇಕಿತ್ತು. ಪ್ರತಿ ಸಲವೂ ಒಂದೇ ಕಡೆಗೆ ವಾಲುವ ತಪ್ಪಿಗೆ ಕಾರಣ ಹುಡುಕಬೇಕಾದ್ದು ಯಂತ್ರದಲ್ಲಲ್ಲ. ‘ಕ್ಲೈಂಟ್ ಇನ್ನೂ ಕೊಟ್ಟಿಲ್ಲ’ ಎಂಬುದು ಇನ್ನೂ ಗಂಭೀರ ವಾದ. ಆದರೆ ನೌಕರನ ಕರಾರು ಇರುವುದು ಧಣಿಯೊಡನೆ, ಕ್ಲೈಂಟಿನೊಡನೆ ಅಲ್ಲ. ಕ್ಲೈಂಟ್ ಬೇಗ ಕೊಟ್ಟ ತಿಂಗಳಲ್ಲಿ ಸಂಬಳವೂ ಬೇಗ ಬಂದ ದೃಷ್ಟಾಂತವನ್ನು ಯಾವ ಪೂರ್ವಪಕ್ಷಿಯೂ ಇದುವರೆಗೆ ಕೊಟ್ಟಿಲ್ಲ; ದೃಷ್ಟಾಂತವಿಲ್ಲದ ಅನುಮಾನ ನಿಲ್ಲದು. ಹಣದ ಮಾತೆತ್ತಿದರೆ ಕಾಯಕ-ಕೈಲಾಸದ ಮಾತೆತ್ತುವ ಸಾತ್ವಿಕ ಧಣಿಗಳೂ ಉಂಟು. ಅವರು ಅಕ್ಕಿ ಆಯ್ದು ಬದುಕಿದ ಶರಣ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಪೂರ್ತಿ ಓದಬೇಕು. ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದ್ದು ಆ ದಿನಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದದ್ದಕ್ಕೆ. ಅಂದಿನ ಅಕ್ಕಿ ಅಂದೇ ಮನೆ ಸೇರುತ್ತಿತ್ತು ಎಂಬುದು ಆ ಕಥೆಯ ಆಧಾರಶಿಲೆ; ಮುಂದಿನ ವಾರ ಪಕ್ಕಾ ಎಂದಿದ್ದರೆ ಲಕ್ಕಮ್ಮನಿಗೆ ನಿಷ್ಠುರವಾಡಲು ವಿಷಯವೇ ಇರುತ್ತಿರಲಿಲ್ಲ.

‘ನಮ್ಮವರೇ ಅಲ್ಲವೇ’ ಎಂಬುದು ವಿದೇಶದಲ್ಲಿ ಬಲು ಬಿಗಿಯಾದ ಪೂರ್ವಪಕ್ಷ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬಟ್ಟು ಬಡಿಸುವ ಅಣ್ಣನ ಮೇಲೆ ಸರ್ಕಾರಕ್ಕೆ ದೂರು ಕೊಡುವುದು ಹೇಗೆ? ಶಿಕಾಗೊ ಕನ್ನಡಿಗರು ತಮ್ಮ ಕೂಟಕ್ಕೆ ವಿದ್ಯಾರಣ್ಯರ ಹೆಸರಿಟ್ಟುಕೊಂಡಿದ್ದಾರೆ. ವಿದ್ಯಾರಣ್ಯರದೇ ಪರಂಪರೆಗೆ ಸೇರಿದ ಸರ್ವದರ್ಶನಸಂಗ್ರಹ ಚಾರ್ವಾಕನಿಗೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿ, ಆಮೇಲೆ ಯಾವ ಮುಲಾಜೂ ಇಲ್ಲದೆ ಖಂಡಿಸುತ್ತದೆ. ಪಂಕ್ತಿ ಬೇರೆ, ಖಂಡನೆ ಬೇರೆ. ಒಬ್ಬಟ್ಟನ್ನು ತಿನ್ನಬಹುದು, ಬಾಕಿಯನ್ನೂ ಕೇಳಬಹುದು. ಕೇಳುವುದನ್ನು ಫೋನಿನಲ್ಲಿ ಕೇಳದೆ ಇಮೇಲ್‌ನಲ್ಲಿ ಕೇಳಬೇಕೆಂಬುದಷ್ಟೇ ಸಂಪ್ರದಾಯದ ನಿಯಮ. ‘ಕೊಡ್ತೀನಿ’ ಎಂಬ ಮೌಖಿಕ ವಚನವನ್ನು ಶಬ್ದಪ್ರಮಾಣವೆಂದು ಎಣಿಸಲು ನುಡಿದವನು ಆಪ್ತನಾಗಿರಬೇಕು, ಅಂದರೆ ಯಥಾರ್ಥ ನುಡಿಯುವವನಾಗಿರಬೇಕು. ನಾಲ್ಕು ಸಲ ತಪ್ಪಿದವನು ನೆಂಟನಾಗಿ ಉಳಿದಾನು, ಆಪ್ತನಾಗಿ ಉಳಿಯಲಾರ. ರಾಜ್ಯದ ಕಾರ್ಮಿಕ ಇಲಾಖೆಗೆ ದೂರು ಕೊಡಲು ಸಂಬಳ ಬಾಕಿಯಾದಂದಿನಿಂದ ಒಂದು ವರ್ಷದ ಗಡುವಿದೆ, ದಾಕ್ಷಿಣ್ಯಕ್ಕೆ ಅದಕ್ಕಿಂತ ದೀರ್ಘವಾದ ಆಯುಸ್ಸು ಕೊಡುವುದು ತರವಲ್ಲ.

ಉಳಿದದ್ದು ವೀಸಾ ಹೋದೀತೆಂಬ ಪೂರ್ವಪಕ್ಷ. ಇಲ್ಲಿ ನಗೆಯಾಟ ಸ್ವಲ್ಪ ಕುಗ್ಗುತ್ತದೆ, ಏಕೆಂದರೆ ಪೂರ್ವಪಕ್ಷಿ ಹೇಳುವುದರಲ್ಲಿ ಸತ್ಯಾಂಶವಿದೆ. ಕೆಲಸ ಹೋದರೆ ಎಚ್-1ಬಿ ನೌಕರನಿಗೆ ಇನ್ನೊಂದು ದಾರಿ ನೋಡಿಕೊಳ್ಳಲು ದೊರೆಯುವುದು ಹೆಚ್ಚೆಂದರೆ 60 ದಿನ. ಮಕ್ಕಳ ಶಾಲೆ, ಮನೆಯ ಲೀಸು, ಗ್ರೀನ್ ಕಾರ್ಡಿನ ಸಾಲು ಎಲ್ಲವೂ ಅಷ್ಟರಲ್ಲಿ ತೂಗಾಡುತ್ತವೆ. ಧಣಿಗೆ ಇದು ಗೊತ್ತು, ಆದ್ದರಿಂದಲೇ ಅವನ ‘ನೆಕ್ಸ್ಟ್ ವೀಕ್’ಗೆ ಅಷ್ಟು ಧೈರ್ಯ. ಆದರೆ ವಾದವನ್ನು ಕೊನೆಯವರೆಗೆ ಎಳೆದು ನೋಡಿ. ಕೇಂದ್ರ ಕಾರ್ಮಿಕ ಇಲಾಖೆಗೆ 12 ತಿಂಗಳೊಳಗೆ ದೂರು ಕೊಡಬಹುದು, ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುವುದು ನಿಷಿದ್ಧ. 2000ದ ಕಾಯ್ದೆ ಬಂದ ಮೇಲೆ ಹೊಸ ಕಂಪನಿ ಅರ್ಜಿ ಹಾಕಿದೊಡನೆ ಅಲ್ಲಿ ಕೆಲಸ ಶುರುಮಾಡಲೂ ಬರುತ್ತದೆ. ಈ ಬದಲಾವಣೆಯ ಅರ್ಜಿಗೆ ನೌಕರ ತಾನು ಇಷ್ಟು ದಿನ ನಿಯಮದಂತೆ ಕೆಲಸದಲ್ಲಿದ್ದೆ ಎಂದು ತೋರಿಸಬೇಕು. ತೋರಿಸಲು ಕೇಳುವುದು ಇತ್ತೀಚಿನ ಪೇ ಸ್ಟಬ್‌ಗಳನ್ನು. ವೀಸಾ ಉಳಿಯಲೆಂದು ಮೌನವಾಗಿ ನುಂಗಿಕೊಂಡ ಒಂದೆರಡು ತಿಂಗಳ ಸಂಬಳದ ಅಭಾವ, ಇಮಿಗ್ರೇಷನ್ ಅಧಿಕಾರಿಯ ಮೇಜಿನ ಮೇಲೆ ಎದ್ದು ಕಾಣುವ ಪದಾರ್ಥವಾಗಿ ನಿಲ್ಲುತ್ತದೆ. ಆ ಅಧಿಕಾರಿ ಪ್ರಾಭಾಕರನಲ್ಲ. ತಡವಾಯಿತೆಂದು ಬರೆದು ಕೇಳಿದ ಇಮೇಲ್, ಇಲಾಖೆಗೆ ಕೊಟ್ಟ ದೂರಿನ ಪ್ರತಿ ಇದ್ದರೆ ಆತನಿಗೆ ಕೊಡಲು ಏನಾದರೂ ಇರುತ್ತದೆ. ಫೋನಿನಲ್ಲಿ ಕೇಳಿಸಿಕೊಂಡ ‘ಅಡ್ಜಸ್ಟ್ ಮಾಡ್ಕೊಳ್ಳಿ’ಗೆ ಸ್ಟೇಪಲ್ ಹೊಡೆದು ಅರ್ಜಿಯ ಹಿಂದೆ ಲಗತ್ತಿಸುವ ವಿಧಾನವನ್ನು ಯಾವ ಶಾಖೆಯೂ ಇನ್ನೂ ಕಂಡುಹಿಡಿದಿಲ್ಲ.