ಬಸ್ಸಿನ ಒಳಗೋ, ಮೇಲೋ?

ಮೊನ್ನೆ ಶ್ರೀರಂಗಪಟ್ಟಣದಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದೆ. ಬಂತು. ನಮ್ಮ ಕಡೆ ಬಸ್ಸು ಬರುವುದೂ ಒಂದೇ, ತೇರು ಹೊರಡುವುದೂ ಒಂದೇ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ಹತ್ತಿ ಆಗಿರಬೇಕು. ನಾನು ಹಳೇ ಕೈ. ಬಾಗಿಲಿನ ಗೊಡವೆಗೇ ಹೋಗದೆ ಹೆಗಲ ಮೇಲಿನ ಕೆಂಪಂಚಿನ ಟವೆಲ್ಲನ್ನು ಕಿಟಕಿಯೊಳಗೆ ತೂರಿಸಿ ಮೂರನೇ ಸಾಲಿನ ಸೀಟು ಹಿಡಿದೆ. ಟವೆಲ್ಲು ಬಿದ್ದ ಸೀಟಿಗೆ ಮಂಡ್ಯ ಜಿಲ್ಲೆಯಲ್ಲಿ ರಿಜಿಸ್ಟರಾದ ಕ್ರಯಪತ್ರಕ್ಕಿಂತ ಹೆಚ್ಚು ಬೆಲೆಯಿದೆ. ಇನ್ನು ನಿಧಾನಕ್ಕೆ ಹತ್ತಿದರಾಯಿತು ಅಂದುಕೊಳ್ಳುವಷ್ಟರಲ್ಲಿ ಫೋನು. ಬೆಂಗಳೂರಿನ ಮೊಮ್ಮಗಳು, ಮೂರನೇ ಕ್ಲಾಸು.

"ತಾತ, ಎಲ್ಲಿದೀಯ?"

ಇನ್ನೂ ಹತ್ತಿರಲಿಲ್ಲ, ನಿಜ. ಆದರೆ ಟವೆಲ್ಲು ಹತ್ತಿತ್ತಲ್ಲ. ಅವಳಿಗೆ ಖುಷಿಯಾಗಲೆಂದು "ಐ ಆಮ್ ಇನ್ ದ ಬಸ್" ಅಂದೆ.

"ತಪ್ಪು ತಾತ. ಆನ್ ದ ಬಸ್."

"ಟಾಪ್ ಮೇಲೆ ಯಾಕವ್ವ ಕೂತ್ಕೊಳ್ಳಲಿ? ಒಳಗೇ ಸೀಟು ಸಿಕ್ಕಿದೆ."

"ಒಳಗೇ ಕೂತ್ಕೋ. ಆದ್ರೆ ಆನ್ ಅಂತ ಹೇಳು. ಕಾರಾದ್ರೆ ಇನ್. ಬಸ್ಸು, ಟ್ರೈನು, ಏರೋಪ್ಲೇನು ಎಲ್ಲಾ ಆನ್."

ನಾನು ಯೋಚನೆಗೆ ಬಿದ್ದೆ.

ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿ ಸ್ಕೂಲಿನಲ್ಲಿ ಐದನೇ ಕ್ಲಾಸಿನಿಂದ ಇಂಗ್ಲಿಷ್ ಕಲಿತವನು ನಾನು. ನಮ್ಮ ಮೇಷ್ಟ್ರ ಬಳಿ ಇದ್ದ ಸರಂಜಾಮು ಒಂದು ಮೇಜು, ಒಂದು ಡಸ್ಟರು. ಡಸ್ಟರು ಮೇಜಿನ ಮೇಲೆ ಹೋದರೆ ಆನ್, ಕೆಳಗೆ ಹೋದರೆ ಅಂಡರ್, ಡ್ರಾಯರಿನೊಳಗೆ ಹೋದರೆ ಇನ್. ಆ ಡಸ್ಟರು ಎಲ್ಲಿದ್ದರೂ ಇಂಗ್ಲಿಷಿನಲ್ಲಿ ಹೇಳಬಲ್ಲ ಮೂವತ್ತು ಹುಡುಗರನ್ನು ಅವರು ತಯಾರು ಮಾಡಿದರು. ಲೋಕದಲ್ಲಿ ಡಸ್ಟರು ಬಿಟ್ಟು ಬೇರೇನಾದರೂ ಅಲ್ಲಾಡಿದರೆ ಮಾತ್ರ ನಮ್ಮ ಬಾಯಿ ಕಟ್ಟುತ್ತಿತ್ತು.

ವಾಹನಗಳ ಪಾಠಕ್ಕೂ ಮೇಷ್ಟ್ರು ಒಂದು ಸೂತ್ರ ಕೊಟ್ಟಿದ್ದರು: ಒಳಗೆ ಎದ್ದು ನಿಂತು ಓಡಾಡುವಷ್ಟು ಜಾಗವಿದ್ದರೆ ಆನ್, ಬಗ್ಗಿ ತೂರಿ ಕೂರುವಂಥದ್ದಾದರೆ ಇನ್. ಸೂತ್ರ ಸರಿಯಾಗಿಯೇ ಇದೆ. ನಾವು ಅರ್ಥ ಮಾಡಿಕೊಂಡದ್ದು ಬೇರೆ: ಸೀಟು ಸಿಕ್ಕಿದರೆ ಇನ್, ನಿಂತು ಹೋದರೆ ಆನ್. ಅದೂ ಅಲ್ಲದೆ ಹೇಮಗಿರಿ ದನಗಳ ಜಾತ್ರೆಗೆ ನಾವು ಹುಡುಗರೆಲ್ಲ ಹೋಗುತ್ತಿದ್ದದ್ದು ಬಸ್ಸಿನ ಟಾಪ್ ಮೇಲೆ, ಲಗೇಜಿನ ನಡುವೆ. ಆನ್ ದ ಬಸ್ ಎಂಬುದನ್ನು ನಮ್ಮಷ್ಟು ಅಕ್ಷರಶಃ ಪಾಲಿಸಿದವರನ್ನು ಇಂಗ್ಲೆಂಡಿನಲ್ಲೂ ಹುಡುಕಬೇಕು.

ಇನ್ನೊಂದು ತೊಂದರೆಯೆಂದರೆ ಈ ಇಂಗ್ಲಿಷ್ ತುಣುಕುಗಳೆಲ್ಲ ಕಿವಿಗೆ ಕನ್ನಡವಾಗಿಯೇ ಬೀಳುತ್ತಿದ್ದವು. ಹಳಗನ್ನಡದ ಮೇಷ್ಟ್ರ ಪ್ರಕಾರ ಆನ್ ಅಂದರೆ ನಾನು. ಟು ಅಂದರೆ ಜಗಳವಾಡಿದ ಹುಡುಗರು ಕಿರುಬೆರಳು ಚಾಚಿ ಬಿಡುವ ಟೂ. ಬೈ ಬಸ್ ಅಂದರಂತೂ ಬಸ್ಸನ್ನು ಬೈ ಅಂತಲೇ. ಬಸ್ ಸ್ಟಾಪಿನಲ್ಲಿ ಒಂದು ಗಂಟೆ ಕಾದವರು ಯಾರೂ ಆ ಅರ್ಥವನ್ನು ತಪ್ಪೆನ್ನಲಾರರು. ಆಮೇಲೆ ಹೋಟೆಲಿಗೆ ಹೋಗುವ ವಯಸ್ಸಾದಾಗ ಬೈ ಟು ಕಾಫಿಯಿಂದ ಆ ಬೈ ಸ್ವಲ್ಪ ಸಿಹಿಯಾಯಿತು ಅನ್ನಿ. ಮೊದಲ ಇಂಟರ್‌ವ್ಯೂನಲ್ಲಿ ಹೇಗೆ ಬಂದಿರಿ ಅಂತ ಕೇಳಿದರು. "ಬೈ ವಾಕ್ ಸಾರ್" ಅಂದೆ. ಕೇಳಿದವರು ಪೆನ್ನು ಕೆಳಗಿಟ್ಟು, ಅದು ಆನ್ ಫುಟ್ ಅಂದರು. ಅಂಗಾಲು ಸವೆಸಿಕೊಂಡು ಬಂದಿದ್ದೆ, ಆದರೂ ನಾನು ನನ್ನ ಪಾದದ ಮೇಲೆ ಹತ್ತಿಕೊಂಡು ಬಂದೆನೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಕೆಲಸವೂ ಬರಲಿಲ್ಲ.

ಕನ್ನಡದಲ್ಲಿ ಈ ರಗಳೆ ಇಲ್ಲ. ಬಸ್ಸಲ್ಲಿ, ಕಾರಲ್ಲಿ, ರೈಲಲ್ಲಿ, ಗಾಡೀಲಿ: ಸಪ್ತಮಿಯ ಒಂದು 'ಅಲ್ಲಿ' ಇದ್ದರೆ ಮುಗಿಯಿತು. ಇಂಗ್ಲಿಷಿನ ಪ್ರಿಪೋಜಿಶನ್ನು ಡ್ರೈವರಿನಂತೆ ಪದದ ಮುಂದೆಯೇ ಕೂತು ಸ್ಟೇರಿಂಗು ಹಿಡಿದಿರುತ್ತದೆ. ನಮ್ಮ ವಿಭಕ್ತಿ ಕಂಡಕ್ಟರಿನಂತೆ ಕೊನೆಯಲ್ಲಿ ನೇತಾಡಿಕೊಂಡು ಬರುತ್ತದೆ. ಕ್ರಿಯಾಪದವೂ ಒಂದೇ, ಹತ್ತು. ಬಸ್ಸು, ಸೈಕಲ್ಲು, ಕುದುರೆ, ವಿಮಾನ, ಕುಂತಿಬೆಟ್ಟ, ತೆಂಗಿನಮರ ಎಲ್ಲವನ್ನೂ ಹತ್ತುತ್ತೇವೆ, ಎಲ್ಲದರಿಂದ ಇಳಿಯುತ್ತೇವೆ. ಹತ್ತಿದ ಮೇಲೆ ಮಾತ್ರ ನಮ್ಮ ಭಾಷೆ ಬಿಚ್ಚಿಕೊಳ್ಳುತ್ತದೆ: ಗಾಡಿ ಕಟ್ಟುತ್ತೇವೆ, ಹೊಡೆಯುತ್ತೇವೆ, ಸೈಕಲ್ಲು ತುಳಿಯುತ್ತೇವೆ, ಲಾರಿ ಓಡಿಸುತ್ತೇವೆ, ಕಾರು ಬಿಡುತ್ತೇವೆ. ಪಾಪ, ಇಂಗ್ಲಿಷಿನವರು ಹತ್ತುವ ಮೊದಲೇ ಒಳಗೋ ಮೇಲೋ ಅಂತ ತೀರ್ಮಾನ ಮಾಡಿಕೊಳ್ಳಬೇಕು.

ಇದನ್ನೆಲ್ಲ ತಿದ್ದಬಲ್ಲವರು ನಮ್ಮ ಸೀಮೆಯಲ್ಲಿ ಇರಲಿಲ್ಲವೆಂದಲ್ಲ. ಬಿ.ಎಂ.ಶ್ರೀ. ಹೆಸರಿನ ಮೊದಲಕ್ಷರದಲ್ಲಿರುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಎ.ಎನ್. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ, ನಮ್ಮದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಊರಿಗೆ ಬಂದು ನಮ್ಮ ಇನ್ನು-ಆನುಗಳನ್ನು ಸರಿಮಾಡುವ ಬದಲು ಒಬ್ಬರು ಇಂಗ್ಲಿಷ್ ಪದ್ಯಗಳನ್ನೇ ಕನ್ನಡಕ್ಕೆ ಕರೆತಂದರು, ಇನ್ನೊಬ್ಬರು ಹಗಲುಗನಸು ಕಾಣುತ್ತ ಪ್ರಬಂಧ ಬರೆದರು. ನಮಗೆ ಲಾಭವೇ ಆಯಿತು, ವ್ಯಾಕರಣಕ್ಕಲ್ಲ. ಇನ್ನು ಪಾಂಡವಪುರದ ಕಥೆಯೇ ಬೇರೆ. ಹೈದರ್, ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣಕ್ಕೆ ಅದಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಅವರು ಅಲ್ಲೇ ಉಳಿದಿದ್ದರೆ ಮೊಮ್ಮಗಳು ನನ್ನ ಫ್ರೆಂಚ್ ತಿದ್ದುತ್ತಿದ್ದಳು.

ಸೂತ್ರಕ್ಕೆ ಸಿಗದ ಪ್ರಯಾಣಗಳೂ ಇವೆ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಬುಡಸಮೇತ ಎತ್ತಿ, ನೂರು ಮೀಟರಿಗೂ ಆಚೆ ಸಾಗಿಸಿದರು. ಸುಮಾರು ಸಾವಿರ ಟನ್ನಿನ ಇಟ್ಟಿಗೆ ಗಾರೆಯ ಕಟ್ಟಡ ಇಂಚಿಂಚೇ ಹೊರಟಿತ್ತು. ಅದರೊಳಗೆ ಒಬ್ಬ ನಿಂತಿದ್ದರೆ ಅವನು ಇನ್ನೋ ಆನೋ? ಪಕ್ಕದಲ್ಲೇ ಹೋಗುವ ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರಾಕ್ಟರುಗಳಿಗೆ ಇನ್ನೂ ಇಲ್ಲ, ಆನೂ ಇಲ್ಲ, ಔಟು ಮಾತ್ರ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಮದ್ದಿನ ಮನೆಯವನಿಗೆ ಏನನ್ನಬೇಕೆಂದು ಮೊಮ್ಮಗಳನ್ನೇ ಕೇಳಿಬಿಡೋಣ ಅನ್ನುವಷ್ಟರಲ್ಲಿ ಕಂಡಕ್ಟರು "ರೈಟ್" ಅಂದ. ಬಸ್ಸು ಹೊರಟಿತು. ನಾನು ಓಡುತ್ತ "ಓಲ್ಡಾನ್, ಓಲ್ಡಾನ್!" ಅಂತ ಕೂಗಿದೆ. ನನ್ನ ಆಯುಷ್ಯದಲ್ಲಿ ಆನ್ ಎಂಬ ಪದವನ್ನು ಸರಿಯಾದ ಜಾಗದಲ್ಲಿ ಬಳಸಿದ್ದು ಅದೊಂದೇ ಸಲ, ಅದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮೂರನೇ ಸಾಲಿನಲ್ಲಿ ನನ್ನ ಟವೆಲ್ಲು ಆರಾಮವಾಗಿ ಕೂತು ಪಾಂಡವಪುರದ ಕಡೆ ಹೋಯಿತು. ಇಂಗ್ಲಿಷಿನವನಾದರೆ ಬಸ್ಸನ್ನು ತಾನೇ ಮಿಸ್ ಮಾಡಿದೆನೆಂದು ತಪ್ಪು ಹೊತ್ತುಕೊಳ್ಳುತ್ತಾನೆ. ಕನ್ನಡದಲ್ಲಿ ಬಸ್ಸು ತಪ್ಪಿತು ಅನ್ನುತ್ತೇವೆ, ತಪ್ಪು ಬಸ್ಸಿನದೇ.

ಮುಂದಿನ ಬಸ್ಸಿಗೆ ಹಾಸಲು ಟವೆಲ್ಲಿರಲಿಲ್ಲ. ಕಂಬಿ ಹಿಡಿದು ನಿಂತೆ. ಆನ್ ದ ಬಸ್, ನಮ್ಮ ಹಳೇ ಅರ್ಥದಲ್ಲೂ ಮೊಮ್ಮಗಳ ಅರ್ಥದಲ್ಲೂ. ಪಕ್ಕದ ಸೀಟಿನಲ್ಲಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟು ಹಿಡಿದು, ತೊಡೆ ಮೇಲೆ ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದ ಅಕ್ಕ ನನ್ನನ್ನು ಮೇಲೆ ಕೆಳಗೆ ನೋಡಿದರು. "ದುಡ್ ಕೊಟ್ಟೋನು ನಿಂತಿದೀನಿ ನೋಡಿ" ಅಂದೆ.

"ಇಷ್ಟ್ ವರ್ಸ ನಾವೂ ದುಡ್ ಕೊಟ್ಟೇ ನಿಂತಿದ್ವಲ್ಲ ಯಜಮಾನ್ರೆ, ನೀವ್ ಟವಲ್ ಹಾಕಂಡು ಕುಂತಿದ್ರಿ" ಅಂದರು ಅಕ್ಕ.

ಅದಕ್ಕೆ ನನ್ನ ಹತ್ತಿರ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ.

ಓದುಗರಲ್ಲಿ ಯಾರಾದರೂ ಅಂದು ಆ ನಾಗಮಂಗಲದ ಬಸ್ಸಿನಲ್ಲಿ ಎಡಗಡೆ ಮೂರನೇ ಸಾಲಿನಲ್ಲಿ ಕೂತಿದ್ದರೆ, ಟವೆಲ್ಲು ಕೆಂಪಂಚಿನದು, ಒಂದು ಮೂಲೆಯಲ್ಲಿ ಎಲೆಅಡಿಕೆ ಕಲೆ ಇದೆ. ಯಾರ ಕೈಲಾದರೂ ಕೆ.ಆರ್. ಪೇಟೆಗೆ ಕಳಿಸಿಕೊಡಿ. ಬಸ್ಸಲ್ಲೇ ಕಳಿಸಿ.