ಷಡ್ಡಕರ ಎರಡಿಂಚು

ಯಾರ ಮದುವೆಗೇ ಹೋಗಲಿ, ನಮ್ಮ ಷಡ್ಡಕರು ಮೊದಲು ನೋಡುವುದು ಛತ್ರದ ಪಾರ್ಕಿಂಗನ್ನು. ಗಂಡು ಯಾರು, ಹೆಣ್ಣು ಯಾರು, ಎಷ್ಟನೇ ಪಂಕ್ತಿಗೆ ಕೂರಬೇಕು ಎಂಬುದೆಲ್ಲ ಆಮೇಲೆ. ನಿಂತ ಗಾಡಿಗಳ ನಡುವೆ ಒಂದು ಪಿಕಪ್ ಕಂಡರೆ ಸಾಕು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗಾಡಿಯ ಉದ್ದಕ್ಕೂ ಗುರಿ ಹಿಡಿಯುತ್ತಾರೆ. “ನೋಡಿ ಭಾವ, ಮೂಗು ಕೆಳಗಿದೆ. ಕಂಪನಿಯಿಂದ ಬಂದ ಹಾಗೇ ಇಟ್ಕೊಂಡಿದಾನೆ, ಪಾಪ.” ಆ ‘ಪಾಪ’ದಲ್ಲಿರುವ ಕನಿಕರವನ್ನು ಅವರು ಯಾರ ಸಾವಿನ ಸುದ್ದಿಗೂ ತೋರಿಸಿದ್ದನ್ನು ನಾನು ಕಂಡಿಲ್ಲ.

ಇಂಥವರು ಈಗ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ತಲಾ ಒಬ್ಬರಾದರೂ ಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಸಾಫ್ಟ್‌ವೇರು, ಕೆಲಸಕ್ಕೆ ಹೋಗುವುದು ಮೆಟ್ರೋದಲ್ಲಿ. 2016ರಲ್ಲಿ ಇಸುಜು ವಿ-ಕ್ರಾಸ್ ಬಂದು, ಪಿಕಪ್ ಎಂದರೆ ತರಕಾರಿ ಮಂಡಿಯ ಗಾಡಿ ಎಂಬ ನಂಬಿಕೆಯನ್ನು ಕೆಡಿಸಿತು. 2022ರಲ್ಲಿ ನಮ್ಮ ಬಿಡದಿಯಿಂದಲೇ ಹಿಲಕ್ಸ್ ಹೊರಬಿದ್ದ ಮೇಲೆ ಕೇಳುವುದೇ ಬೇಡ. ಷಡ್ಡಕರದು ವಿ-ಕ್ರಾಸ್. ಅದರ ಉದ್ದ ಸುಮಾರು 5.3 ಮೀಟರ್, ಅವರಿಗೆ ಕೊಟ್ಟ ಪಾರ್ಕಿಂಗ್ ಜಾಗ 5 ಮೀಟರ್. ಹೊರಗೆ ಚಾಚಿಕೊಂಡಿರುವ ಆ ಒಂದಡಿಯಿಂದಾಗಿ ಎದುರು ಫ್ಲಾಟಿನವರ ಜೊತೆ ಮಾತು ಬಿಟ್ಟುಹೋಗಿದೆ.

ಪಿಕಪ್ಪಿನ ಮೂಗು ತಗ್ಗಿರುವುದು ಕಂಪನಿಯವರ ಅಜಾಗ್ರತೆಯೇನಲ್ಲ. ಹಿಂದಿನ ಚಕ್ರಗಳ ಮೇಲೆ ಲಾರಿಗಿರುವಂಥದೇ ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಇಟ್ಟು ಬಿಗಿದ ಉಕ್ಕಿನ ಪಟ್ಟಿಗಳು. ಗಾಡಿಯ ಬೆನ್ನಿನ ಮೇಲೆ ಭಾರ ಬಿದ್ದಾಗ ಅವು ಬಗ್ಗಬೇಕು, ಹಿಂಭಾಗ ತಗ್ಗಬೇಕು, ಗಾಡಿ ಸಮಕ್ಕೆ ಬರಬೇಕು. ಅದಕ್ಕೆಂದೇ ಖಾಲಿ ಇರುವಾಗ ಹಿಂದೆ ತುಸು ಎತ್ತರ. ಹಾಗಾದರೆ ಷಡ್ಡಕರ ಕಾಯಿಲೆಗೆ ಮದ್ದು ಹಿಂದೆ ನಾಲ್ಕು ಮೂಟೆ ಹಾಕುವುದು, ಅಷ್ಟೆ. ಇದನ್ನೊಮ್ಮೆ ಹೇಳಿಯೂ ನೋಡಿದೆ.

“ಮೂಟೆನಾ?” ಎಂದರು. “ಹೊಸ ಲೈನರ್ ಹಾಕ್ಸಿದೀನಿ ಭಾವ. ಗೀರು ಬೀಳುತ್ತೆ.”

ಗೀರು ಬೀಳದಿರಲೆಂದು ಹಾಕಿಸುವುದೇ ಲೈನರನ್ನು. ಅದಕ್ಕೂ ಗೀರು ಬೀಳಬಾರದೆಂದರೆ ನಾನಾದರೂ ಏನು ಹೇಳಲಿ.

ಕೊನೆಗೆ ಮುಂದಿನ ಶಾಕ್ ಅಬ್ಸಾರ್ಬರುಗಳ ನೆತ್ತಿಯ ಮೇಲೆ ಒಂದೊಂದು ಬಿಲ್ಲೆ ಕೂರಿಸಿ ಮೂಗನ್ನು ಎರಡಿಂಚು ಎತ್ತುವುದೆಂದಾಯಿತು. ಬಿಲ್ಲೆಯ ದಪ್ಪ ಸುಮಾರು 25 ಮಿ.ಮೀ., ಗಾಡಿ ಏಳುವುದು ಹತ್ತಿರ ಹತ್ತಿರ 50 ಮಿ.ಮೀ. ಸ್ಪ್ರಿಂಗಿನ ಬುಡ ಕೂತಿರುವುದು ಕೆಳತೋಳಿನ ನಡುವೆ, ಚಕ್ರವಿರುವುದು ತೋಳಿನ ತುದಿಯಲ್ಲಿ. ಹಾಗಾಗಿ ನಡುವೆ ಒಂದು ಕೊಟ್ಟರೆ ತುದಿಯಲ್ಲಿ ಎರಡು. ಇಂಥ ಇಳುವರಿ ಷಡ್ಡಕರಿಗೆ ಯಾವ ಮ್ಯೂಚುವಲ್ ಫಂಡಿನಲ್ಲೂ ಸಿಕ್ಕಿರಲಿಲ್ಲ. ಮೆಕ್ಯಾನಿಕ್ ಅನುಭವಸ್ಥ, ಮೊದಲೇ ಹೇಳಿದ: “ಎರಡಿಂಚಿಗೆ ನಿಲ್ಸಿ ಸಾರ್. ಅದರ ಮೇಲೆ ಹೋದ್ರೆ ಆಕ್ಸಲ್ ಕ್ರಾಸ್ ಆಗಿ ಬೂಟ್ ಹರಿಯುತ್ತೆ, ಬಾಲ್ ಜಾಯಿಂಟ್ ಹೋಗುತ್ತೆ. ಈಗ್ಲೂ ಅಲೈನ್‌ಮೆಂಟ್ ಮಾಡಿಸ್ಲೇಬೇಕು, ಇಲ್ದಿದ್ರೆ ಟೈರು ಒಂದೇ ಕಡೆ ಸವೆಯುತ್ತೆ.” ಇಷ್ಟರಲ್ಲಿ ಷಡ್ಡಕರ ಕಿವಿಗೆ ಇಳಿದದ್ದು ‘ಅದರ ಮೇಲೆ ಹೋದ್ರೆ’ ಎಂಬುದೊಂದೇ. ಆವತ್ತಿನಿಂದಲೇ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು ಸಸ್ಪೆನ್ಷನ್ನಿನ ಜಪ ಶುರುವಾಯಿತು. (ಹಿಂದೊಮ್ಮೆ ನಮ್ಮ ಕಡೆಯ ಎಷ್ಟೋ ರೈತರು ಈಮು ಹಕ್ಕಿ ಸಾಕಲು ಹೊರಟಿದ್ದರು. ಈಗ ಸಾಕುವ ಸರದಿ ಸಾಫ್ಟ್‌ವೇರಿನವರದು.)

ಬಿಲ್ಲೆ ಬಿದ್ದ ಮಾರನೆಯ ಬೆಳಿಗ್ಗೆ ಬೇಸ್‌ಮೆಂಟಿಗೆ ಹೋಗಿ ನೋಡುತ್ತೇನೆ: ಹಲ್ಲಿನಲ್ಲಿ ಪೆನ್ಸಿಲ್, ಕೈಯಲ್ಲಿ ಟೇಪು, ನೆಲದ ಮೇಲೆ ಹಾಸಿದ ಪತ್ರಿಕೆಯ ಮೇಲೆ ಷಡ್ಡಕರು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುತ್ತಾರೆ, ಬರೆಯುತ್ತಾರೆ, ಆ ಕಡೆ ತೆವಳುತ್ತಾರೆ, ಮತ್ತೆ ಅಳೆಯುತ್ತಾರೆ. ಕಾಫಿಗೆ ಕರೆಯಲು ಬಂದ ನಾದಿನಿ ಲೋಟ ಬಾನೆಟ್ಟಿನ ಮೇಲಿಡಲು ನೋಡಿದಳು, ಈಗ ಬಾನೆಟ್ಟು ಎಟುಕಲಿಲ್ಲ.

“ಬಲಗಡೆ 4 ಮಿ.ಮೀ. ಕಮ್ಮಿ ಬರ್ತಿದೆ ಕಣೇ.”

“ನಿಮ್ಮ ಹೊಟ್ಟೆ ಆ ಕಡೆ ತಾನೇ ಕೂರೋದು,” ಎಂದು ಅವಳು ಲೋಟದ ಸಮೇತ ಹೊರಟುಹೋದಳು.

ಕಾನೂನಿನ ವಿಷಯದಲ್ಲೂ ಷಡ್ಡಕರು ಹಿಂದೆ ಬಿದ್ದವರಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅವರಿಗೆ ಬಾಯಿಪಾಠ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ್ದೂ ಗೊತ್ತು. “ಇದು ಆಲ್ಟರೇಶನ್ ಅಲ್ಲ ಭಾವ, ಕರೆಕ್ಷನ್,” ಎನ್ನುತ್ತಾರೆ. ಆದರೂ ಸಿಗ್ನಲಿನಲ್ಲಿ ಪೊಲೀಸರು ಕಂಡರೆ ಸೀಟಿನಲ್ಲಿ ತಾವೇ ಎರಡಿಂಚು ಕುಗ್ಗುತ್ತಾರೆ.

ಗಾಡಿ ಎದ್ದ ಮೇಲೆ ನಮ್ಮ ಅತ್ತೆಗೆ ಅದನ್ನು ಹತ್ತುವುದೇ ಆಗುತ್ತಿಲ್ಲ. ಮೊದಲೇ ಮಂಡಿನೋವು. ಅದಕ್ಕೊಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಬಂತು. ಅದು ಹಾರಿಹೋಗದಿರಲೆಂದು ಲಾರಿಯವರು ಯಂತ್ರಗಳನ್ನು ಬಿಗಿಯುವ ಪಟ್ಟಿಯನ್ನೇ ತಂದು ನಾಲ್ಕೂ ಕಡೆಯಿಂದ ಬಿಗಿದಿದ್ದಾರೆ. ಬಹಳ ಕಾಲ ಆ ಪಿಕಪ್ ಹೊತ್ತ ಲೋಡು ಅದೊಂದೇ.

ಬಹಳ ಕಾಲ ಎಂದೆ, ಏಕೆಂದರೆ ಈ ಜನವರಿಯಲ್ಲಿ ನಿಜವಾದ ಲೋಡು ಬಂತು. ಸಕಲೇಶಪುರದಲ್ಲಿ ಮಾವನವರ ತೋಟ. ಒಣಗಿದ ಕಾಫಿ ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಹೋಗಬೇಕು, ಅವರ ಹಳೆಯ ಬೊಲೆರೊ ಪಿಕಪ್ಪಿನ ಕ್ಲಚ್ಚು ಕೈಕೊಟ್ಟಿತ್ತು. ಮಾವ ಜಗಲಿಯಿಂದಲೇ ಕೂಗಿದರು: “ಎಂಟೇ ಮೂಟೆ, ಅಳಿಯಂದಿರೇ. ನಿಮ್ಮದರಲ್ಲಿ ಹಾಕ್ಕೊಂಡು ಹೋದರೆ ಆಯ್ತಪ್ಪ.” ಮಾವನ ಎದುರಿಗೆ ಲೈನರಿನ ಮಾತೆತ್ತುವಷ್ಟು ಎದೆಗಾರಿಕೆ ಯಾವ ಅಳಿಯನಿಗೂ ಇಲ್ಲ. ಷಡ್ಡಕರು ಒಳಗಿನಿಂದ ಜಮಖಾನ ತಂದು ಹಾಸಿದರು, ಅದರ ಮೇಲೊಂದು ಕಂಬಳಿ ಹಾಸಿದರು. ಆಳುಗಳು ಮುಖ ಮುಖ ನೋಡಿಕೊಂಡು ಮೂಟೆ ಏರಿಸಿದರು. ಒಂದೊಂದು 50 ಕೆ.ಜಿ.ಯದು. ಮೂಟೆ ಏರಿದಂತೆಲ್ಲ ಹಿಂಭಾಗ ಇಳಿಯಿತು, ಮೂಗು ಮೇಲೆದ್ದಿತು. ಮಾವ ಎಲೆಯಡಿಕೆ ಉಗಿದು ಬಂದು ಎರಡು ಸುತ್ತು ಹಾಕಿದರು. “ಇದ್ಯಾಕೆ, ಗಾಡಿ ಹಿಂದಕ್ಕೆ ಒರಗಿಕೊಂಡಿದೆ?”

ಷಡ್ಡಕರು ಕೇಳಿಸದವರಂತೆ ಹಗ್ಗ ಬಿಗಿದರು.

ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಹೊರಟೆವು. ದೀಪ ಹಾಕಿದರೆ ಬೆಳಕು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ತಲೆಗೆ ಬೀಳುತ್ತಿತ್ತು. ಎದುರಿಗೆ ಬಂದ ಕೆಂಪು ಬಸ್ಸುಗಳೆಲ್ಲ ಕಣ್ಣು ಹೊಡೆದು ಹೊಡೆದು ಬೈದು ಹೋದವು. ಬಾಳ್ಳುಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಲಾರಿ ಡ್ರೈವರ್ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದ: “ಆಕಾಶಕ್ಕೆ ಲೈಟ್ ಬಿಟ್ಕೊಂಡು ಯಾರನ್ನ ಹುಡುಕ್ತಾ ಇದೀರಾ ಸ್ವಾಮಿ?”

ಷಡ್ಡಕರು ಮಾತಾಡಲಿಲ್ಲ. ಹಾಸನ ಬರುವವರೆಗೂ ಸುಮ್ಮನಿದ್ದರು. ಬುದ್ಧಿ ಬಂತೆಂದು ನಾನೂ ಸುಮ್ಮನಿದ್ದೆ. ಕ್ಯೂರಿಂಗ್ ಗೇಟಿನ ಹತ್ತಿರ ಬಾಯಿ ತೆರೆದರು.

“ಗೊತ್ತಾಯ್ತು ಭಾವ. ಮುಂದಿನದು ಸರಿಯಾಗೇ ಇದೆ, ಮೋಸ ಹಿಂದಿನದು. ಹಿಂದೆ ಒಂದು ಪ್ಲೇಟ್ ಜಾಸ್ತಿ ಹಾಕ್ಸಿ ಎರಡಿಂಚು ಎತ್ತಿದ್ರೆ ಸರಿಹೋಗುತ್ತೆ.”

“ಮೂಟೆ ಇಳಿಸಿದ ಮೇಲೆ ಹಿಂದುಗಡೆ ಮತ್ತೆ ಎತ್ತರ ಆಗಲ್ವೇ?”

“ಆಗ ಮುಂದೆ ಇನ್ನೆರಡು,” ಎಂದವರೇ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರು. ರಿಂಗಾಗುತ್ತಿದ್ದಾಗಲೇ ನನ್ನ ಕಡೆ ತಿರುಗಿ, “ಅತ್ತೆಗೆ ಒಂದು ಏಣಿ ನೋಡ್ಬೇಕು. ಅಲ್ಯೂಮಿನಿಯಂದು, ಮಡಚೋದು ಇರುತ್ತಲ್ಲ, ಅದು,” ಎಂದರು.