‘ಕಳೆದುಹೋದದ್ದು ನಾನಲ್ಲ ಮಾರಾಯ್ರೆ’: ಜನನ ರಿಜಿಸ್ಟರಿನ ಜೊತೆ ಒಂದು ಮಾತುಕತೆ

ಸಿದ್ಧಕಟ್ಟೆಯವರ ಜನನ ಪ್ರಮಾಣಪತ್ರ ಕಳೆದರೆ ಮೊದಲು ಎದುರಾಗುವುದು ಕಾನೂನಲ್ಲ, ಭೂಗೋಳ. ಊರು ಬಂಟ್ವಾಳ ತಾಲೂಕಿನದು. ಒಂದು ದಾರಿ ಹಿಡಿದರೆ ಮೂಡಬಿದಿರೆ, ಇನ್ನೊಂದು ಹಿಡಿದರೆ ಬೆಳ್ತಂಗಡಿ ತಾಲೂಕಿನ ವೇಣೂರು. ಹೆರಿಗೆ ಎಲ್ಲಿ ಬೇಕಾದರೂ ಆಗಿರಬಹುದು. ಆದ್ದರಿಂದ ಅಧಿಕಾರಿಗಳನ್ನು ಬಿಟ್ಟು, ಎಲ್ಲವನ್ನೂ ಬರೆದಿಟ್ಟುಕೊಂಡು ಸುಮ್ಮನೆ ಕೂತಿರುವ ಹಳೆಯ ಜನನ ರಿಜಿಸ್ಟರನ್ನೇ ಮಾತಾಡಿಸುವುದು ಲೇಸು. ರೆಕಾರ್ಡ್ ರೂಮಿನ ಕಬ್ಬಿಣದ ಬೀರುವಿನಲ್ಲಿ, ಕೆಂಪು ಬಟ್ಟೆಯ ಗಂಟಿನೊಳಗಿಂದ ಅದು ಹಾಕಿದ್ದು ಒಂದೇ ಷರತ್ತು: ಯಾವ ಕಚೇರಿ ಎಂದು ಬರೆಯಬಾರದು. ಇಷ್ಟು ವರ್ಷ ಅಲುಗಾಡದೆ ಕೂತದ್ದುಂಟು, ಈಗ ವರ್ಗಾವಣೆ ಬೇಡ.

ಪ್ರಮಾಣಪತ್ರ ಕಳೆದುಹೋಯಿತು ಎಂದು ಅಳುತ್ತ ಬರುವವರಿಗೆ ಏನು ಹೇಳುತ್ತೀರಿ?

“ಕಳೆದದ್ದು ಎಂತದು? ನಕಲು. ಮೂಲ ನಾನು, ಇಲ್ಲಿಯೇ ಇದ್ದೇನೆ. ಪ್ರಮಾಣಪತ್ರ ಅಂದರೆ ನನ್ನ ಒಂದು ಸಾಲಿನ ಪ್ರತಿ, ಅಷ್ಟೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಓದಿ: ಯಾರು ಬೇಕಾದರೂ ಶುಲ್ಕ ಕಟ್ಟಿ ನನ್ನಲ್ಲಿ ಹುಡುಕಿಸಬಹುದು, ಸಿಕ್ಕಿದ ದಾಖಲೆಯ ಪ್ರತಿ ಪಡೆಯಬಹುದು. ಹಳೆಯ ಚೀಟಿಯನ್ನು ಗೆದ್ದಲು ತಿಂದಿತೋ ನೆರೆ ಕೊಂಡುಹೋಯಿತೋ ಎಂದು ಆ ಕಲಮು ಕೇಳುವುದೇ ಇಲ್ಲ. ಆದರೂ ಜನ ಕಳ್ಳತನ ಮಾಡಿದವರ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಮೂಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡವರು, ನಕಲು ಕಳೆದುಕೊಂಡವನ ಹತ್ತಿರ ‘ನೀನು ಹುಟ್ಟಿದ್ದಕ್ಕೆ ಎಂತ ಸಾಕ್ಷಿ’ ಎಂದು ಕೇಳುವುದು!”

ನಗುವ ಮಾತಾದರೂ ತರ್ಕ ಸರಿಯಾಗಿಯೇ ಇದೆ. ಬರೆದುಕೊಂಡವರು ಸರ್ಕಾರದವರು, ಇಟ್ಟುಕೊಂಡವರೂ ಅವರೇ. ಹಾಗಿದ್ದ ಮೇಲೆ ಹುಡುಕುವ ಭಾರವೂ ಅವರದೇ ಆಗಬೇಕು. ನಡೆಯುವುದು ಉಲ್ಟಾ. ಯಾವ ಊರು, ಯಾವ ವರ್ಷ, ಯಾವ ದಿನ ಎಂದು ಅರ್ಜಿದಾರನೇ ಹೇಳಬೇಕು. ಹುಡುಕುವ ಶುಲ್ಕವೂ ವರ್ಷದ ಲೆಕ್ಕದಲ್ಲಿ. ನಮ್ಮ ಕಡೆ ಇದು ಎಷ್ಟು ಕಷ್ಟ ಎಂಬುದಕ್ಕೆ ರಿಜಿಸ್ಟರೇ ಸಾಕ್ಷಿ ಕೊಟ್ಟಿತು.

“ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪನ ಮನೆ ಇರುವ ಜಾಗದಲ್ಲಿ ಅಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಪದ್ಧತಿ. ಸಿದ್ಧಕಟ್ಟೆಯ ಹಿರಿ ಮಗನ ಸಾಲು ಅಮ್ಮನ ಊರಿನ ಪುಸ್ತಕದಲ್ಲಿ ಉಂಟು. ಆಸ್ಪತ್ರೆಯಲ್ಲಿ ಹುಟ್ಟಿದ ಅವನ ತಮ್ಮನದು ಮೂಡಬಿದಿರೆಯ ಪುಸ್ತಕದಲ್ಲೋ ಮಂಗಳೂರಿನ ಪುಸ್ತಕದಲ್ಲೋ. ಅಣ್ಣ ಬಂದು ನನ್ನನ್ನು ಮಗುಚಿದರೆ ಸಿಗುವುದುಂಟಾ? ಮತ್ತೆ ತಾರೀಕು. ಅಮ್ಮನಿಗೆ ನೆನಪಿರುವುದು ‘ಆಟಿ ತಿಂಗಳು, ಬಿಡದ ಮಳೆ’. ಶಾಲೆಯ ದಾಖಲೆಯಲ್ಲಿ ಜೂನ್ 1. ಒಂದನೇ ಕ್ಲಾಸಿಗೆ ವಯಸ್ಸು ಹೊಂದಲಿ ಎಂದು ಮಾಸ್ತರರು ಬರೆದದ್ದು. ಕರ್ನಾಟಕದಲ್ಲಿ ಎಷ್ಟು ಜನ ಆ ಒಂದೇ ದಿನ ಹುಟ್ಟಿದ್ದಾರೆ ನೋಡಿ! ಗುಮಾಸ್ತರು ಜೂನ್ ಪುಟ ತೆಗೆಯುತ್ತಾರೆ, ‘ಇಲ್ಲ’ ಎನ್ನುತ್ತಾರೆ. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಎರಡು ಹಾಳೆ ಮಗುಚಿದ್ದರೆ ಆಗುತ್ತಿತ್ತು. ಅಲ್ಲಿಯೂ ಮಗುವಿನ ಹೆಸರಿನ ಜಾಗ ಖಾಲಿ. ಹೆಸರಿಡುವ ಮೊದಲೇ ಬರೆಸಿದ್ದಲ್ವಾ? ‘ಹೆಣ್ಣು’, ಅಪ್ಪನ ಹೆಸರು, ಅಮ್ಮನ ಹೆಸರು, ಮುಗಿಯಿತು. ನಾಲ್ಕು ಹೆಣ್ಣುಮಕ್ಕಳ ಮನೆಯಾದರೆ ನಾಲ್ಕು ಸಾಲಿನಲ್ಲೂ ಬರೀ ‘ಹೆಣ್ಣು’.”

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಬೇಕು. ಕೇಳಿದವರಿಗೆಲ್ಲ ಕೊಟ್ಟರೆ ವಯಸ್ಸು ತಿದ್ದುವವರಿಗೆ, ಹುಸಿ ದಾಖಲೆ ಮಾಡುವವರಿಗೆ ದಾರಿ ಆಗುವುದಿಲ್ಲವೇ? ಭಯ ಸುಳ್ಳಲ್ಲ. ಆದರೆ ಇದ್ದ ಸಾಲನ್ನು ಇದ್ದ ಹಾಗೆ ನಕಲು ಮಾಡಿದರೆ ಯಾರ ವಯಸ್ಸೂ ಒಂದು ದಿನ ಕೂಡ ಹೆಚ್ಚುಕಡಿಮೆ ಆಗುವುದಿಲ್ಲ. ಮೋಸಕ್ಕೆ ಎಡೆ ಇರುವುದು ಹೊಸದಾಗಿ ಬರೆಯುವಲ್ಲಿ. ಸರಿಯಾಗಿ ಹುಡುಕದೆ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟಾಗ, ಅಂದರೆ ನಮೂನೆ 10 ಕೈಗೆ ಬಂದಾಗ, ಅರ್ಜಿದಾರನಿಗೆ ಉಳಿಯುವುದು 13ನೇ ಕಲಮಿನ ತಡ ನೋಂದಣಿ. ಹುಟ್ಟಿ ವರ್ಷ ಕಳೆದಿದ್ದರೆ ಅದಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದೇಶ ಬಂತೆನ್ನಿ. ಅದೇ ಮನುಷ್ಯ ಒಂದು ಪುಸ್ತಕದಲ್ಲಿ ಆಟಿಯಲ್ಲಿ ಹುಟ್ಟಿರುತ್ತಾನೆ, ಇನ್ನೊಂದರಲ್ಲಿ ಜೂನ್ 1ಕ್ಕೆ. ಮೋಸ ತಡೆಯಲು ಹೊರಟವರು ಒಬ್ಬನನ್ನೇ ಎರಡು ಸಲ ಹೆತ್ತ ಹಾಗಾಯಿತು.

ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಸುಲಭವಲ್ಲ, ಖರ್ಚೂ ಹೆಚ್ಚು ಎನ್ನುತ್ತಾರಲ್ಲ?

“ಕಷ್ಟ ಹೌದು. ನಮ್ಮ ಮನೆತನ ಸಣ್ಣದಲ್ಲ. ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ 1899ರ ಮದ್ರಾಸ್ ಕಾಯ್ದೆ ಇತ್ತು, ಪಟೇಲರು ಬರೆಯುತ್ತಿದ್ದರು. 1956ರಲ್ಲಿ ರಾಜ್ಯ ಬದಲಾಯಿತು, 1961ರ ಕಾಯ್ದೆ ಪಟೇಲಿಕೆ, ಶಾನುಭೋಗಿಕೆಗಳನ್ನು ತೆಗೆಯಿತು, ಆಮೇಲೆ ಗ್ರಾಮ ಲೆಕ್ಕಿಗರು ಬಂದರು. ಎಷ್ಟು ಕೈ, ಎಷ್ಟು ಬಗೆಯ ಅಕ್ಷರ! ಈಗ ಹುಟ್ಟುವ ಮಕ್ಕಳಿಗೆ ಇ-ಜನ್ಮ ಎಂಬ ಕಂಪ್ಯೂಟರ್ ನೋಂದಣಿ ಉಂಟು, ಅವರ ಚಿಂತೆ ಇಲ್ಲ. ಆದರೆ ಒಂದು ಕೇಳುತ್ತೇನೆ. ಇದೇ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಆರ್‌ಟಿಸಿಗಳನ್ನು, ಅಂದರೆ ಜಾಗದ ಪಹಣಿಗಳನ್ನು, 2002ರ ಹೊತ್ತಿಗೇ ಕಂಪ್ಯೂಟರಿಗೆ ಹಾಕಿತಲ್ಲ? ಅವುಗಳ ಅಕ್ಷರ ಮುತ್ತಿನ ಹಾಗಿತ್ತಾ? ಅಡಿಕೆ ತೋಟದ ಜಾತಕ ಬೇಕೆಂದಾಗ ಸಿಗುತ್ತದೆ, ತೋಟದ ಯಜಮಾನನದು ಮಾತ್ರ ಗಂಟಿನಲ್ಲಿ!”

ಈ ಹೋಲಿಕೆಗೆ ಎದುರು ಹೇಳುವುದು ಕಷ್ಟ. ಜಾಗಕ್ಕೆ ಸಾಲ, ಕಂದಾಯ, ವ್ಯಾಜ್ಯ ಎಲ್ಲ ಇರುವುದರಿಂದ ತುರ್ತು ಇತ್ತು ಎನ್ನಬಹುದು. ಈಗ ತುರ್ತು ಜನ್ಮಕ್ಕೂ ಬಂದಿದೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನ ತನಕ ಜನನ ಪ್ರಮಾಣಪತ್ರವೇ ಆಧಾರ. ಅದಕ್ಕಿಂತ ಹಿರಿಯರಿಗೂ ಬಿಡುಗಡೆ ಇಲ್ಲ: 2024ರ ಜನವರಿಯಲ್ಲಿ ನೌಕರರ ಭವಿಷ್ಯನಿಧಿ (ಪಿಎಫ್) ಸಂಘಟನೆ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರ್ ಕಾರ್ಡನ್ನು ಕೈಬಿಟ್ಟಿತು. ಜೀವನವಿಡೀ ಬೀಡಿ ಕಟ್ಟಿದ ಹೆಂಗಸು ಪಿಎಫ್ ದಾಖಲೆಯಲ್ಲಿ ತಾರೀಕು ಸರಿಮಾಡಿಸಲು ಹೊರಟರೆ, ಕೊನೆಗೆ ಬಂದು ನಿಲ್ಲುವುದು ಈ ಬಟ್ಟೆಯ ಗಂಟಿನ ಎದುರಿಗೇ.

ಹಾಗಾದರೆ ನಿಮ್ಮ ಬೇಡಿಕೆ ಏನು?

“ನನ್ನ ಹಾಳೆಗಳ ಫೋಟೊ ತೆಗೆಯಿರಿ, ಅಮ್ಮಂದಿರ ಹೆಸರಿನ ಮೇಲೆ ಸೂಚಿ ಮಾಡಿ. ಜಿಲ್ಲೆಯ ಪುಸ್ತಕಗಳನ್ನೆಲ್ಲ ಒಂದೇ ಕಿಟಕಿಯಲ್ಲಿ ಹುಡುಕುವ ಹಾಗಾಗಲಿ. ‘ಲಭ್ಯವಿಲ್ಲ’ ಎಂದು ಬರೆಯುವವರು ಯಾವ ಊರಿನ, ಯಾವ ತಿಂಗಳ ಪುಟ ನೋಡಿದ್ದೇವೆ ಎಂದೂ ಕೆಳಗೆ ಬರೆದು ಸಹಿ ಹಾಕಲಿ. ನಮೂನೆ 10 ಅರ್ಧಕ್ಕರ್ಧ ಕಡಿಮೆಯಾಗದಿದ್ದರೆ ನನ್ನನ್ನು ರದ್ದಿಗೆ ಹಾಕಿ.”

ಅಷ್ಟು ಹೇಳಿ ರಿಜಿಸ್ಟರು ಮುಚ್ಚಿಕೊಂಡಿತು, ಊಟದ ಹೊತ್ತಾಗಿತ್ತು. ಸೂಚಿ ತಯಾರಾಗುವ ತನಕ ಓದುಗರ ಕೈಯಲ್ಲಿರುವ ಸೂಚಿ ಒಂದೇ. ಅಮ್ಮ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ: ಹೆರಿಗೆ ಆದದ್ದು ಯಾವ ಊರಲ್ಲಿ, ಮನೆಯಲ್ಲೋ ಆಸ್ಪತ್ರೆಯಲ್ಲೋ, ಆಟಿಯಲ್ಲೋ ಅದರ ಮುಂದಿನ ಸೋಣ ತಿಂಗಳಲ್ಲೋ.